ಈ ವಯಸ್ಸಿನಲ್ಲಿ ನೊಟೇಷನ್ ಓದೋಕೆ ಬರುತ್ತಾ?

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ನಾನು ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುತ್ತೇನೆ. ಎದುರಿಗೆ ಸ್ವರ ಬರೆದ ಪುಸ್ತಕ ಇಟ್ಟುಕೊಂಡು ನುಡಿಸುವವನನ್ನು ಕಂಡರೆ ಜನರಿಗೆ ಏನೋ ಗೌರವ. ಮಂಗಳಾರತಿ ಮುಗಿದು ಪ್ರಸಾದ ಕೈಗೆ ಬರುವಷ್ಟರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಈ ನೊಟೇಷನ್ ಓದೋದು ನಮಗ ಈ ವಯಸ್ಸಿನಾಗ ಬರತದೇನ್ರಿ?"

ಬರುತ್ತದೆ. ಗುರುತುಗಳನ್ನು ಕಲಿಯೋಕೆ ಒಂದು ಸಂಜೆ ಸಾಕು. ಆದರೆ ಎಲ್ಲರೂ ಮೊದಲು ಹಿಡಿಯುವುದು ಸ್ವರವನ್ನು. ಹಿಡಿಯಬೇಕಾದ್ದು ಮಾತ್ರೆಯನ್ನು, ಅಂದರೆ ತಾಳದ ಒಂದೊಂದು ಏಟನ್ನು.

ಸ್ವರದ ಕೆಲಸ ಬೇಗ ಮುಗಿಯುತ್ತದೆ, ಅದನ್ನು ಹೇಳಿಬಿಡುತ್ತೇನೆ. ಇಲ್ಲಿ ಸಿಗುವ ಹಿಂದೂಸ್ತಾನಿ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಭಾತಖಂಡೆ ಪದ್ಧತಿ. ವಿಷ್ಣು ನಾರಾಯಣ ಭಾತಖಂಡೆ ನಮ್ಮ ಮುಂಬಯಿಯವರೇ. 1860ರಲ್ಲಿ ವಾಳ್ಕೇಶ್ವರದಲ್ಲಿ ಹುಟ್ಟಿದವರು, ಓದಿದ್ದು ವಕೀಲಿ. ಅವರ ಲಿಪಿಯಲ್ಲಿ ಬರೀ ಅಕ್ಷರ ಇದ್ದರೆ ಅದು ಶುದ್ಧ ಸ್ವರ. ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಅಂದರೆ ತುಸು ಇಳಿದ ಸ್ವರ. ಕೋಮಲ ಆಗುವುದು ರೇ, ಗ, ಧ, ನಿ ಈ ನಾಲ್ಕೇ. ಮ ಮೇಲೆ ನಿಂತ ಗೆರೆ ಇದ್ದರೆ ತೀವ್ರ, ಅಂದರೆ ತುಸು ಏರಿದ್ದು. ಏಳು, ನಾಲ್ಕು, ಒಂದು, ಒಟ್ಟು 12. ಪೇಟಿಯ ಒಂದು ಸಪ್ತಕದಲ್ಲಿ, ಅಂದರೆ ಸಾ ಇಂದ ನಿ ತನಕ, ಕರಿಬಿಳಿ ಮನೆ ಎಣಿಸಿದರೂ ಅಷ್ಟೇ. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಮಂದ್ರ (ಕೆಳಗಿನ ಸಪ್ತಕ), ಮೇಲೆ ಇದ್ದರೆ ತಾರ (ಮೇಲಿನ ಸಪ್ತಕ). ಮುಗಿಯಿತು.

ಈಗ ಇದನ್ನು ನೋಡಿ:

ಗ – – ರೇ | ಸಾ – – –

ಹೊಸಬರ ಕೈಗೆ ಕೊಟ್ಟರೆ "ಗ ರೇ ಸಾ" ಎಂದು ಮೂರೇ ಏಟಿಗೆ ಮುಗಿಸಿ ನನ್ನ ಮುಖ ನೋಡುತ್ತಾರೆ. ಇರುವುದು ಎಂಟು ಮಾತ್ರೆ. ಗ ಮೂರು ಮಾತ್ರೆ ನಿಲ್ಲಬೇಕು, ರೇ ಒಂದು, ಸಾ ನಾಲ್ಕು. ಆ ಗೀಟುಗಳು ಖಾಲಿ ಜಾಗ ಅಲ್ಲ, ಅಲ್ಲಿ ಹಿಂದಿನ ಸ್ವರವೇ ಇನ್ನೂ ಕೇಳುತ್ತಿರುತ್ತದೆ. ಮೈಸೂರು ಕಡೆ ಕರ್ನಾಟಕ ಸಂಗೀತ ಕಲಿತವರಿಗೆ ಇದು ಬೇಗ ಹತ್ತುತ್ತದೆ. ಅವರ ಪುಸ್ತಕದಲ್ಲಿ ಕಾಮಾ ಇದ್ದರೆ ಒಂದು ಅಕ್ಷರ ಕಾಲ, ಸೆಮಿಕೋಲನ್ ಇದ್ದರೆ ಎರಡು. ಗೀಟಿನ ಕೆಲಸವೂ ಅದೇ.

ಸ್ವರದ ಕೆಳಗಿನ ಸಾಲಿನಲ್ಲಿ ಹಾಡಿನ ಮಾತು ಇರುತ್ತದೆ. ಅಲ್ಲಿ ಎಳೆಯಬೇಕಾದ ಕಡೆ ಗೀಟಿನ ಬದಲು ಅವಗ್ರಹ. ನೋಡಲು ಇಂಗ್ಲಿಷಿನ ಎಸ್ ಥರ. ಒಬ್ಬರು ಅದನ್ನು ಸಾ ಅಂದುಕೊಂಡು ಮೂರು ವಾರ ಮನೆಯಲ್ಲಿ ಅಭ್ಯಾಸ ಮಾಡಿದ್ದರು, ಪಾಪ. ಎರಡು ಸ್ವರದ ಕೆಳಗೆ ಬಟ್ಟಲಿನಂಥ ಗೆರೆ ಇದ್ದರೆ ಆ ಎರಡೂ ಸೇರಿ ಒಂದೇ ಮಾತ್ರೆ.

ಇನ್ನು ತಾಳ. ತೀನ್‌ತಾಲ್‌ನಲ್ಲಿ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ತಾಳದ ಮೊದಲ ಮಾತ್ರೆ ಸಮ್, ಚಪ್ಪಾಳೆ ಹಾಕದೆ ಕೈ ಬೀಸುವ ಭಾಗ ಖಾಲಿ. ಸಮ್‌ಗೆ ಗುಣಾಕಾರದ ಗುರುತು, ಖಾಲಿಗೆ ಸೊನ್ನೆ, ಉಳಿದ ಎರಡು ಚಪ್ಪಾಳೆಗೆ 2 ಮತ್ತು 3. ಎಡವುವುದು ಎಲ್ಲಿ ಅಂದರೆ, ಪುಸ್ತಕದ ಮೊದಲ ಅಕ್ಷರವೇ ಸಮ್ ಅಂದುಕೊಳ್ಳುವುದರಲ್ಲಿ. ಎಷ್ಟೋ ರಚನೆಗಳು, ಅಂದರೆ ಬಂದಿಶ್‌ಗಳು ಒಂಬತ್ತನೇ ಮಾತ್ರೆಯಿಂದ, ಅಂದರೆ ಖಾಲಿಯಿಂದ ಎದ್ದೇಳುತ್ತವೆ. ಆಗ ಸಾಲಿನ ಮೊದಲ ಭಾಗದ ಗುರುತು ಸೊನ್ನೆ. ಸಮ್ ಬರುವುದು ಮೂರನೇ ಭಾಗದಲ್ಲಿ. ಅದನ್ನು ನೋಡದೆ ಶುರು ಮಾಡಿದರೆ ತಬಲಾದವರು ಒಂದು ಕಡೆ, ನಾವು ಇನ್ನೊಂದು ಕಡೆ.

ಎಣಿಸೋಕೆ ಬೇರೇನೂ ಬೇಡ, ಎಡಗೈ ಸಾಕು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು, ಮೇಲೊಂದು ತುದಿ. ಹೆಬ್ಬೆರಳು ಎಲ್ಲವನ್ನೂ ಒಮ್ಮೆ ಮುಟ್ಟಿ ಬಂದರೆ 16. ನಾನು ಕಲಿತದ್ದು ಲೋಕಲ್ ಟ್ರೇನಿನಲ್ಲಿ. ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ ತನಕ ಜೇಬಿನೊಳಗೆ ಕೈ ಇಟ್ಟು ಎಣಿಸುತ್ತಿದ್ದೆ. ಎದುರಿನವರು ಜಪ ಅಂದುಕೊಂಡಿರಬೇಕು.

ಎಣಿಕೆ ಕೈಗೆ ಹತ್ತಿದ ಮೇಲೆ ತಕ್ಷಣ ಪುಸ್ತಕ ತೆಗೆಯಬೇಡಿ. ಮೊದಲು ಬರೆಯಿರಿ. ನಿಮಗೆ ಬಾಯಿಗೆ ಬರುವ ಹಾಡೊಂದರ ಒಂದೇ ಸಾಲು ಸಾಕು. 16 ಮನೆ ಗೆರೆ ಹಾಕಿ, ಯಾವ ಅಕ್ಷರ ಯಾವ ಮನೆಗೆ ಬೀಳುತ್ತದೆ ಅಂತ ತುಂಬಿ. ಆಮೇಲೆ ಪೇಟಿಯಲ್ಲಿ ಹುಡುಕಿ ಮೇಲೆ ಸ್ವರ ಬರೆಯಿರಿ. ಗೀಟು ಎಲ್ಲಿ ಬೇಕು ಅಂತ ನಿಮ್ಮ ಕಿವಿಯೇ ಹೇಳುತ್ತದೆ. ಕೇಳದ ಹಾಡನ್ನು ಬರೀ ಪುಸ್ತಕ ನೋಡಿ ಕಲಿಯೋಕೆ ಹೋಗಬೇಡಿ ಅಂತಲೂ ಅದಕ್ಕೇ ಹೇಳುತ್ತೇನೆ. ಭೈರವ ರಾಗದ ಕೋಮಲ ರೇ ತೂಗಾಡುತ್ತದೆ, ಅಲ್ವಾ? ಕಾಗದದಲ್ಲಿ ಅದಕ್ಕೂ ಇರುವುದು ಅದೇ ಒಂದು ಅಡ್ಡಗೆರೆ.

ಪುಸ್ತಕದ ಮೇಲೆ ಜಾಸ್ತಿ ನಂಬಿಕೆ ಇಟ್ಟು ನಾನೂ ಒಮ್ಮೆ ಕೆಟ್ಟಿದ್ದೇನೆ. ಮುಂಬಯಿ ಫೋರ್ಟ್‌ನ ಫುಟ್‌ಪಾತಿನಲ್ಲಿ ಹಳೇ ಮರಾಠಿ ಭಜನೆ ಪುಸ್ತಕ ಸಿಕ್ಕಿತು. ಹಾಳೆ ಹಳದಿಯಾಗಿತ್ತು, ನೊಟೇಷನ್ ಮಾತ್ರ ಸ್ಪಷ್ಟ. ಖುಷಿಯಿಂದ ತಂದು ಮಂಡಳಿಗೆ ಕಲಿಸಿದೆ. ಒಂದು ಕಡೆ ಸಾ ಆದಮೇಲೆ ನಿ, ಧ. ಎರಡಕ್ಕೂ ಮೇಲೆ ಚುಕ್ಕಿ. ತಾರ ಸಪ್ತಕ ಅಂತ ನಾನು ಪೇಟಿಯ ಬಲತುದಿಗೆ ಕೈ ಒಯ್ದೆ. ಹತ್ತು ಜನ ಹೆಂಗಸರು ನನ್ನನ್ನು ನಂಬಿ ಏರಿದರು. ಎದುರು ಫ್ಲ್ಯಾಟಿನ ಬಾಗಿಲು ತೆರೆಯಿತು. ತಬಲಾದವರು ಕೈ ನಿಲ್ಲಿಸಿ ಪುಸ್ತಕ ಇಸಿದುಕೊಂಡು ಮೊದಲ ಹಾಳೆ ತೆಗೆದರು. ಅದು ಪಲುಸ್ಕರ್ ಪದ್ಧತಿಯದು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದವರು, 1908ರಲ್ಲಿ ಮುಂಬಯಿಯಲ್ಲೂ ತೆರೆದರು. ಅವರ ಲಿಪಿಯಲ್ಲಿ ಮೇಲಿನ ಚುಕ್ಕಿ ಅಂದರೆ ಮಂದ್ರ! ತಾರಕ್ಕೆ ಮೇಲೆ ನಿಂತ ಗೆರೆ. ಸಮ್‌ಗೆ 1, ಖಾಲಿಗೆ ಕೂಡಿಸುವ ಗುರುತು. ಆ ಕೂಡಿಸುವ ಗುರುತನ್ನು ನಾನು ನೋಡಿದ್ದೆ, ಸುಮ್ನೆ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಈಗ ಯಾವ ಪುಸ್ತಕ ಬಂದರೂ ಮೊದಲು ಗುರುತಿನ ಪಟ್ಟಿ ನೋಡುತ್ತೇನೆ.

ಮಕ್ಕಳ ಪಿಯಾನೋ ಕ್ಲಾಸಿನ ಐದು ಗೆರೆಯ ಪಾಶ್ಚಾತ್ಯ ನೊಟೇಷನ್ ಕಲಿಯಬೇಕಾ ಅಂತಲೂ ಕೇಳುತ್ತಾರೆ. ಭಜನೆಗೆ ಬೇಡ. ಅಲ್ಲಿ ಪ್ರತಿ ಗೆರೆಯ ಶ್ರುತಿಯೂ ಕಟ್ಟಿಟ್ಟದ್ದು. ನಮ್ಮ ಸಾ ಹಾಗಲ್ಲ, ಪೇಟಿಯ ಕಪ್ಪು ಒಂದನೇ ಮನೆಯಲ್ಲಿ ಹಾಡಿ, ಬಿಳಿ ನಾಲ್ಕರಲ್ಲಿ ಹಾಡಿ, ಬರೆದದ್ದು ಬದಲಾಗುವುದಿಲ್ಲ. ಇಪ್ಪತ್ತು ವಯಲಿನ್ ಒಟ್ಟಿಗೆ ಕೂತು ನುಡಿಸಬೇಕಾದರೆ ಆ ಐದು ಗೆರೆ ಬೇಕೇ ಬೇಕು. ಹಳೇ ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳಿಗೆ ಆಂಥೋನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜಾರಂಥ ಗೋವೆಯವರು ಬರೆದುಕೊಟ್ಟದ್ದು ಅದರಲ್ಲೇ.

ಹೋದ ತಿಂಗಳು ಮಂಡಳಿಯ ಕಾಕೂ ಒಬ್ಬರು, ಅರವತ್ತು ದಾಟಿದವರು, ಡೈರಿ ತಂದು ತೋರಿಸಿದರು. ತಮಗೆ ಬರುವ ಹಾಡನ್ನು ಕನ್ನಡದಲ್ಲಿ ಮನೆ ಹಾಕಿ ಬರೆದಿದ್ದರು. ಗೀಟಿನ ಬದಲು ಎಲ್ಲ ಕಡೆ ರಂಗೋಲಿ ಚುಕ್ಕಿ. "ಕಾಕೂ, ಚುಕ್ಕಿ ಅಂದ್ರ ಮಂದ್ರ ಆಗ್ತದಲ್ರೀ" ಅಂದೆ. "ಇದು ನನ್ನ ಡೈರಿ, ನಿನ್ನ ಪುಸ್ತಕ ಅಲ್ಲ" ಅಂದರು. ಆಮೇಲೆ ಹಾಡಿದರು. ಪ್ರತಿ ಚುಕ್ಕಿಗೂ ಒಂದೊಂದು ಮಾತ್ರೆ ನಿಂತು, ಸರಿಯಾಗಿ ಸಮ್‌ಗೆ ಬಂದು ಇಳಿದರು.