ಕೋಲು ಸಿಕ್ಕಿತು

ನಿನ್ನೆ ಸಂಜೆ ಸೌತೆ ಬಳ್ಳಿಯ ಪಕ್ಕ ಒಂದು ಕೋಲು ನೆಟ್ಟಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹಿಡಿದುಬಿಟ್ಟಿದೆ!

ದಾರದಂಥ ಎಳೆಯ ಕುಡಿ. ಕೋಲಿಗೆ ಎರಡು ಸುತ್ತು, ಅದೂ ಎಷ್ಟು ಬಿಗಿ! ನೀರಿನ ಚೊಂಬು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟೆ.

ಮೇಲೆ, ಕೆಲವು ದಿನಗಳ ಹಿಂದೆಯೇ ತಂತಿ ಹಿಡಿದಿದ್ದ ಇನ್ನೊಂದು ಕುಡಿ ಈಗ ಪೂರ್ತಿ ಸ್ಪ್ರಿಂಗ್ ಆಗಿದೆ. ನಿಮ್ಮ ಮನೆಯಲ್ಲೂ ಸೌತೆಯೋ ಹಾಗಲವೋ ಇದ್ದರೆ ಹತ್ತಿರ ಹೋಗಿ ನೋಡಿ. ಅರ್ಧದವರೆಗೆ ಒಂದು ದಿಕ್ಕಿಗೆ ಸುರುಳಿ, ನಡುವೆ ಚಿಕ್ಕದೊಂದು ನೇರ ತುಂಡು, ಅಲ್ಲಿಂದಾಚೆ ಅದಕ್ಕೆ ವಿರುದ್ಧ ದಿಕ್ಕು. ಎರಡೂ ತುದಿ ಕಟ್ಟಿಕೊಂಡ ಮೇಲೆ ಒಂದೇ ಕಡೆಗೆ ಸುತ್ತುತ್ತಾ ಹೋದರೆ ಕುಡಿ ತಿರುಚಿಕೊಳ್ಳುತ್ತದೆ. ಅದಕ್ಕೇ ನಡುವೆ ಹೊರಳುತ್ತದೆ. ಗಾಳಿ ಬೀಸಿದಾಗ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ, ಹರಿಯುವುದಿಲ್ಲ.

ಡಾರ್ವಿನ್ ಕಾಯಿಲೆಯಿಂದ ಮನೆಯಲ್ಲೇ ಉಳಿದಿದ್ದ ದಿನಗಳಲ್ಲಿ ಇಂಥ ಬಳ್ಳಿಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದರಂತೆ. 1865ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದರು. ಅವರಿಗೆ ಆಗ ಸಿಕ್ಕಿದ ನೆಮ್ಮದಿ ಎಂಥದ್ದಿರಬಹುದು ಎಂದು ಇವತ್ತು ಸ್ವಲ್ಪ ಅಂದಾಜಾಯಿತು.

ವಾರದಿಂದ ತಲೆಯಲ್ಲಿ ನೂರು ಚಿಂತೆ. ಆ ಅರ್ಧ ಗಂಟೆ ಒಂದೂ ನೆನಪಾಗಲಿಲ್ಲ. ಮಣ್ಣಿನ ವಾಸನೆ, ಎಲೆಯ ಮೇಲಿನ ಸಣ್ಣ ರೋಮ, ಮೊದಲ ಹಳದಿ ಹೂವು, ಅಷ್ಟೇ.

ಎಡಗಡೆ ಇನ್ನೊಂದು ಕುಡಿ ಗಾಳಿಯಲ್ಲಿ ಕೈಚಾಚಿ ಹುಡುಕುತ್ತಿದೆ. ಅದಕ್ಕೂ ಒಂದು ಕೋಲು ತಂದು ನೆಡಬೇಕು, ಸಂಜೆಯೊಳಗೆ.