ದ್ವಾದಶಿಯ ದಿನ ತುಳಸಿ ಕೀಳಬಾರದು

2 ನವೆಂಬರ್ 2025, ಭಾನುವಾರ
ಮೈಸೂರು

ಇವತ್ತು ತುಳಸಿ ಹಬ್ಬ, ಉತ್ಥಾನ ದ್ವಾದಶಿ. ಆಷಾಢದಲ್ಲಿ ಮಲಗಿದ ವಿಷ್ಣು ನಾಲ್ಕು ತಿಂಗಳ ನಿದ್ದೆ ಮುಗಿಸಿ ಏಳುತ್ತಾನಂತೆ. ಎಪ್ಪತ್ತು ದಾಟಿದ ನನಗೆ ನಾಲ್ಕು ಗಂಟೆ ನಿದ್ದೆ ಬಂದರೆ ಅದೇ ಹಬ್ಬ.

ತುಳಸಿ ಗಿಡಕ್ಕೆ ಇವತ್ತು ಕೈ ಹಾಕುವ ಹಾಗಿಲ್ಲ. ದ್ವಾದಶಿ ದಿನ ಕೀಳಬಾರದು, ಭಾನುವಾರವೂ ಕೀಳಬಾರದು. ಎರಡೂ ಒಟ್ಟಿಗೆ ಬಂದಿವೆ. ಪೂಜೆಗೆ ಬೇಕಾದ ಕುಡಿಗಳನ್ನು ನಿನ್ನೆಯೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲದಲ್ಲಿ ಇಂಥ ನಿಯಮಗಳಿಗೆಲ್ಲ ಕಾರಣ ಹುಡುಕುತ್ತಿದ್ದೆ. ಈಗ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ದಿನಾ ಚಿವುಟಿಸಿಕೊಳ್ಳುವ ಗಿಡಕ್ಕೆ ಆಗಾಗ ಒಂದು ರಜೆ ಬೇಡವಾ?

ಚಿವುಟುವುದೂ ಬೇಕೇ ಬೇಕು, ಅದು ಬೇರೆ ಮಾತು. ತುಳಸಿಯ ತೆನೆ ಬಲಿತು ಬೀಜ ಕಟ್ಟಲು ಬಿಟ್ಟರೆ ಗಿಡ ಕಟ್ಟಿಗೆಯಾಗಿ ಸೊರಗುತ್ತದೆ. ತೆನೆ ತೆಗೆಯುತ್ತಾ ಬಂದರೆ ಪಕ್ಕದಿಂದ ಹೊಸ ಕುಡಿ ಒಡೆಯುತ್ತದೆ. ನಾನು ನೋಡಿದ ಮಟ್ಟಿಗೆ, ದಿನಾ ನಾಲ್ಕು ಕುಡಿ ಕಿತ್ತು ದೇವರಿಗೆ ಇಡುವವರ ಮನೆಯ ತುಳಸಿ ಪೊದೆಯಾಗಿರುತ್ತದೆ. ಬರೀ ಕೈ ಮುಗಿದು ಚೊಂಬುಗಟ್ಟಲೆ ನೀರು ಸುರಿಯುವವರ ಮನೆಯದು ಬೇರು ಕೊಳೆತು ಹೋಗುತ್ತದೆ. ಭಕ್ತಿ ಜಾಸ್ತಿಯಾಗಿ ಸತ್ತ ತುಳಸಿಗಳನ್ನು ಈ ಬೀದಿಯಲ್ಲೇ ಬೇಕಾದಷ್ಟು ಕಂಡಿದ್ದೇನೆ.

ಬೆಳಿಗ್ಗೆ ದಾಸವಾಳಕ್ಕೆ ಬೇವಿನ ಎಣ್ಣೆ ಹೊಡೆದೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿತ್ತು. ಹಾಗೆ ಹತ್ತುತ್ತಿದ್ದರೆ ಮೇಲೆ ಹಿಟ್ಟು ತಿಗಣೆ ಇರಬೇಕು ಎಂದೇ ಲೆಕ್ಕ. ಭೂತಗನ್ನಡಿ ಹಿಡಿದು ನೋಡಿದೆ. ಪಂಚಾಂಗದ ಸಣ್ಣ ಅಕ್ಷರ ಓದಲು ತಂದ ಗಾಜು ಅದು, ಈಗ ಹೆಚ್ಚಿನ ಹೊತ್ತು ತೋಟದಲ್ಲೇ ಇರುತ್ತದೆ. ಮೊಗ್ಗಿನ ಬುಡದಲ್ಲಿ ಹತ್ತಿ ಮೆತ್ತಿದ ಹಾಗೆ ಬಿಳಿ ಬಿಳಿ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಆ ಅಂಟು ತಿಂದು ತಿಗಣೆಗೆ ಕಾವಲು ಕಾಯುತ್ತದೆ. ಒಂದು ಲೀಟರ್ ನೀರಿಗೆ ಐದು ಮಿಲಿ ಎಣ್ಣೆ, ಕರಗಲಿ ಅಂತ ಒಂದು ಚೂರು ಸೋಪಿನ ನೀರು. ಇಷ್ಟು ಮಾಡಿ ಸ್ಟೂಲಿನಿಂದ ಏಳುವಷ್ಟರಲ್ಲಿ ಮಂಡಿ ಎರಡು ಸಲ ಕಟಕ್ ಅಂದಿತು. ಈಗ ನೆಲದ ಮೇಲೆ ಕೂರಲು ಆಗುವುದಿಲ್ಲ. ಕುಂಡಗಳನ್ನೆಲ್ಲ ಕಬ್ಬಿಣದ ಸ್ಟ್ಯಾಂಡ್ ಮೇಲೆ ಏರಿಸಿದ್ದೇನೆ, ದೇವರ ಮುಂದೆ ಕುರ್ಚಿ ಹಾಕಿಕೊಂಡಿದ್ದೇನೆ. ಗಿಡಗಳು ಏನೂ ಅಂದಿಲ್ಲ, ದೇವರೂ ಅಂದಿಲ್ಲ. ಅಂದಿದ್ದು ನೆಂಟರು ಮಾತ್ರ.

ಹಬ್ಬಕ್ಕೆ ತುಳಸಿಯ ಪಕ್ಕ ನೆಲ್ಲಿ ಕೊಂಬೆ ನೆಡಬೇಕಲ್ವಾ. ದೇವರಾಜ ಮಾರ್ಕೆಟ್ ಹತ್ತಿರ ರಾಶಿ ರಾಶಿ ಬಂದಿರುತ್ತವೆ, ಕಾಯಿ ಸಮೇತ ಮುರಿದ ಕೊಂಬೆಗಳು. ಒಂದು ಸಂಜೆಯ ಪೂಜೆಗೆ ಅಷ್ಟೊಂದು ಕೊಂಬೆ ಮುರಿಯುವುದು ನನಗೆ ಯಾಕೋ ಸರಿ ಕಾಣುವುದಿಲ್ಲ. ಅದಕ್ಕೇ ಹೋದ ವರ್ಷ ನೆಲ್ಲಿ ಗಿಡ ತರಲು ನರ್ಸರಿಗೆ ಹೋಗಿದ್ದೆ. ಬೀಜದ ಗಿಡ ಕಾಯಿ ಬಿಡಲು ಆರೇಳು ವರ್ಷ, ಕಸಿ ಗಿಡ ಮೂರ್ನಾಲ್ಕು ವರ್ಷ. ಆ ಹುಡುಗ ನನ್ನ ತಲೆ ಕಡೆ ಒಂದು ಸಲ ನೋಡಿ, “ಕಸಿದೇ ತಗೊಳ್ಳಿ ಅಮ್ಮ, ಬೇಗ ಬಿಡುತ್ತೆ” ಅಂದ. ಪಾಪ, ಒಳ್ಳೆಯ ವ್ಯಾಪಾರಿ. ಒಂದೇ ಗಿಡ ಇದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಹತ್ತಿರದಲ್ಲಿ ಬೇರೆ ತಳಿಯದು ಇನ್ನೊಂದು ಬೇಕು ಅಂತಲೂ ಹೇಳಿದ. ನನ್ನ ಹಿತ್ತಲಲ್ಲಿ ಎರಡಕ್ಕೆ ಜಾಗ ಎಲ್ಲಿದೆ? ಎರಡನೆಯದನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆ. ಕಾಂಪೌಂಡಿನ ಆಚೆ ಅದು, ಈಚೆ ಇದು.

ಅದೇ ಅಜ್ಜಿಯ ಮನೆಯಲ್ಲಿ ಇವತ್ತು ಸಂಜೆ ಅರಿಶಿನ ಕುಂಕುಮ. ಸೊಸೆ ಗೇಟಿನ ಹತ್ತಿರ ಬಂದು, “ಆಂಟಿ, ಆರತಿಗೆ ಬನ್ನಿ” ಅಂತ ಕರೆದಳು. ಹಿಂದೆ ನಿಂತಿದ್ದ ಅಜ್ಜಿ ತೆಂಗಿನಮರ ನೋಡುತ್ತಿದ್ದರು. ತೆಂಗಿನಮರದಲ್ಲಿ ಅಂಥದ್ದೇನೂ ಇರಲಿಲ್ಲ. ಯಜಮಾನರು ಹೋದ ಮೇಲೆ ಇಂಥ ನೋಟಗಳು ನನಗೆ ಅಭ್ಯಾಸ. ಆ ಹುಡುಗಿಗೆ ಯಾಕೆ ಕಷ್ಟ ಅಂತ, “ನಮ್ಮನೆಯಲ್ಲೂ ಪೂಜೆ ಇದೆಯಮ್ಮ” ಅಂದೆ.

ಸುಳ್ಳೇನಲ್ಲ. ನೆಲ್ಲಿಕಾಯಿಯ ತಲೆ ಕೊಯ್ದು, ಒಳಗೆ ಸ್ವಲ್ಪ ಕೊರೆದು, ತುಪ್ಪದ ಬತ್ತಿ ಇಟ್ಟು ಆರತಿ ಎತ್ತಿದೆ. ಗಂಡ ಇಲ್ಲದವಳು ತುಳಸಿಗೆ ನೀರು ಹಾಕಬಹುದು, ಗೊಬ್ಬರ ಹಾಕಬಹುದು, ತಿಗಣೆ ತೆಗೆಯಬಹುದು, ಇವತ್ತಿನಂತೆ ತುಳಸಿಗೆ ವಿಷ್ಣುವಿನ ಜೊತೆ ಮದುವೆ ಮಾಡುವ ದಿನ ಮಾತ್ರ ಮುಂದೆ ಬರಬಾರದು ಅಂದರೆ ಯಾವ ನ್ಯಾಯ? ತುಳಸಿ ಕೀಳಬಾರದ ದಿನಗಳನ್ನು ಪಾಲಿಸುತ್ತೇನೆ. ಇದನ್ನು ಪಾಲಿಸುವುದಿಲ್ಲ. ಎರಡೂ ಶಾಸ್ತ್ರ ಅಂತಲೇ ಹೇಳುತ್ತಾರೆ, ಹೇಳಲಿ. ಮೊದಲನೆಯದರಿಂದ ಗಿಡಕ್ಕೆ ಉಪಕಾರ ಇದೆ. ಎರಡನೆಯದರಿಂದ ಯಾರಿಗೆ?

ಹೂವಿನದೂ ಅದೇ ಕಥೆ. ಮೈಸೂರು ಮಲ್ಲಿಗೆಗೆ ಜಿಐ ಟ್ಯಾಗ್, ಅಂದರೆ ಈ ಊರಿನದೇ ಹೂ ಎಂಬ ಸರ್ಕಾರಿ ಗುರುತು, ಇದೆ, ಹಡಗಲಿ, ಉಡುಪಿ ಮಲ್ಲಿಗೆಗಳಿಗೂ ಇದೆ. ನಮ್ಮ ಬಳ್ಳಿ ಬೇಸಿಗೆಯಲ್ಲಿ ಹೂ ಬಿಟ್ಟಾಗ ಬೀದಿಯವರೆಲ್ಲ ಕೇಳಿ ಇಸಕೊಂಡು ಹೋಗುತ್ತಾರೆ. ಬೆಳೆದವಳು ಮುಡಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಈಗ ಕಾಕಡದ ಕಾಲ. ದೇವರಿಗೆ ಇಟ್ಟ ಹೂವಿನಲ್ಲಿ ಒಂದು ತುಂಡನ್ನು ಪ್ರಸಾದ ಅಂತ ಮುಡಿಯುತ್ತೇನೆ. ಬಿಳಿ ಕೂದಲಿನಲ್ಲಿ ಬಿಳಿ ಕಾಕಡ ಅಷ್ಟಾಗಿ ಕಾಣುವುದೂ ಇಲ್ಲ. ಕಂಡರೆ ಕಾಣಲಿ.

ರಾತ್ರಿ ಎಂಟಕ್ಕೆ ಅಜ್ಜಿ ಕಾಂಪೌಂಡಿನ ಆಚೆಯಿಂದ ಕೂಗಿದರು. “ಟೀಚರೇ, ನೀವು ಕೊಟ್ಟ ನೆಲ್ಲಿ ಯಾಕೋ ಹಳದಿ ಆಗ್ತಿದೆ, ಸ್ವಲ್ಪ ನೋಡ್ತೀರಾ?” ದಿನಾ ಎಷ್ಟು ನೀರು ಹಾಕುತ್ತೀರಿ ಅಂತ ಕೇಳಿದೆ. ಎರಡು ಬಕೆಟ್ ಅಂತೆ! ನಾಳೆ ಬೆಳಿಗ್ಗೆ ಹೋಗಿ ಪಾತಿಯ ಮಣ್ಣು ಸಡಿಲ ಮಾಡಿ ನೀರು ನಿಲ್ಲದ ಹಾಗೆ ದಾರಿ ಬಿಡಬೇಕು. ಹೋಗುವಾಗ ಭೂತಗನ್ನಡಿಯನ್ನೂ ತೆಗೆದುಕೊಂಡು ಹೋಗುತ್ತೇನೆ, ಅವರ ದಾಸವಾಳದ ಮೇಲೂ ಇರುವೆ ಕಂಡ ಹಾಗಿತ್ತು.