ಟವೆಲ್ ಕೆಳಗಿನ ಬೆರಳು

ಇವತ್ತು ಬೆಳಗಿನ ಜಾವ ದೊಡ್ಡಪ್ಪನ ಜೊತೆ ಶಿರಾ ಕುರಿ ಸಂತೆಗೆ ಹೋಗಿದ್ದೆ. ಪಾವಗಡ ಕಡೆಯ ನಮ್ಮೂರಿಂದ ಲಗೇಜ್ ಆಟೋದಲ್ಲಿ ಎಂಟು ಟಗರು ಮರಿ.

ದಲ್ಲಾಳಿ ಬಂದವನೇ ಒಂದು ಮರಿಯ ಸೊಂಟದ ಹತ್ರ ಬೆನ್ನುಮೂಳೆ ಪಕ್ಕ ಹೆಬ್ಬೆರಳು ಒತ್ತಿದ, ತುಟಿ ಸರಿಸಿ ಹಲ್ಲು ನೋಡಿದ. ಆಮೇಲೆ ದೊಡ್ಡಪ್ಪನ ಕೈ ಹಿಡಿದು ಮೇಲೆ ಟವೆಲ್ ಹಾಕಿದ. ಒಳಗೆ ಬೆರಳಲ್ಲೇ ಬೆಲೆಯ ಮಾತು. ದೊಡ್ಡಪ್ಪ ಮೂರು ಸಲ ಕೈ ಕಿತ್ಕೊಂಡು, ನಾಲ್ಕನೇ ಸಲ ಸುಮ್ಮನೆ ನಿಂತರು.

ತಕ್ಕಡಿ ಇಲ್ಲ. 30 ಕೆಜಿ ಇರೋ ಮರಿಯಲ್ಲಿ ಮಾಂಸ ಬೀಳೋದು ಹೆಚ್ಚೂಕಡಿಮೆ ಅರ್ಧ, 14-15 ಕೆಜಿ. ಮಾಂಸದ ಕಣ್ಣಂದಾಜು ಎರಡು ಕೆಜಿ ತಪ್ಪಿದ್ರೆ ಒಂದೊಂದು ಮರಿಗೂ ಸಾವಿರದ ಮೇಲೆ ಹೋಯ್ತು. ಅದೇ ಮಾಂಸವನ್ನ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗ್ತಾರೆ. ಸಾಕಿದವನ ಮುಂದೆ ಮಾತ್ರ ಯಾಕೆ ತೂಗಲ್ಲ? ಸಂತೆಗೊಂದು ತೂಕದ ಯಂತ್ರ ಇಡೋದು ದೊಡ್ಡ ಕೆಲಸ ಅಲ್ಲ, ಇಡಲೇಬೇಕು.

ಬಕ್ರೀದ್ ಹತ್ರ ಬಂದ್ರೆ ಬೆಲೆ ಏರುತ್ತೆ, ದೊಡ್ಡಪ್ಪಂಗೂ ಗೊತ್ತು. ಆದ್ರೆ ಅಲ್ಲೀತನಕ ಮೇವೆಲ್ಲಿ? ಶೇಂಗಾ ಹೊಟ್ಟು ಮುಗಿದಿದೆ, ಕೆರೆ ಅಂಗಳದಲ್ಲಿ ಹುಲ್ಲಿಲ್ಲ. ಎಲ್ಲರ ಕಷ್ಟವೂ ಒಂದೇ ಹೊತ್ತಿಗೆ ಸಂತೆಗೆ ಬರುತ್ತೆ, ಬೆಲೆ ಬೀಳುತ್ತೆ.

ದುಡ್ಡು ಎಣಿಸಿ ಒಳಜೇಬಿಗೆ ಇಟ್ಕೊಂಡ ಮೇಲೆ ದೊಡ್ಡಪ್ಪ ಎಂಟೂ ಮರಿಗಳ ಹಗ್ಗ ಬಿಚ್ಚಿಕೊಂಡರು. ಹಗ್ಗ ಮಾರಬಾರದಂತೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅದು ಅವರ ತೊಡೆ ಮೇಲೇ ಇತ್ತು.